ಕೈರೋಪ್ರಾಕ್ಟರ್ ಟಿಡ್ರಿಕ್‌ನ ಫಲಕ

ಅಮೆರಿಕದ ಅಯೋವಾ ರಾಜ್ಯದ ನಮ್ಮ ಊರಿನಲ್ಲಿ, ಕೈಯಿಂದ ಒತ್ತಿ ಬೆನ್ನುಮೂಳೆ ಸರಿಪಡಿಸುವ ಕೈರೋಪ್ರಾಕ್ಟರ್ ಆರ್ವಲ್ ಟಿಡ್ರಿಕ್ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದ. ಚರ್ಚಿನಲ್ಲಿ ಎಲ್ಲರೂ ಪ್ರಾರ್ಥನೆಗೆ ಬಾಗಿದಾಗ ಅವನೊಬ್ಬ ತಲೆಯೆತ್ತಿ ಮುಂದಿನ ಸಾಲಿನ ಬೆನ್ನುಮೂಳೆಗಳನ್ನು ಪರೀಕ್ಷಿಸುತ್ತಿದ್ದ. ಕಿವುಡುತನಕ್ಕೂ ಅಜೀರ್ಣಕ್ಕೂ ಅವನದು ಒಂದೇ ಮಾತು: “ಮೂಳೆ ಜಾರಿದೆ ಕಣಮ್ಮ, ಕೂರಿಸ್ತೀನಿ.” ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸುತ್ತಾನೆಂದು ಶೆರಿಫ್ ಮೂರು ಸಲ ಅವನ ಮನೆಮುಂದಿನ ಫಲಕ ಇಳಿಸಿ ಅವನನ್ನು ಜೈಲಿಗೆ ಹಾಕಿದ. ರೋಗಿಗಳು ಅಲ್ಲಿಗೂ ಬಂದು ಸಾಲುಗಟ್ಟಿದರು. “ಶೆರಿಫ್ ಸಾಹೇಬ್ರೇ, ಬೀಗ ಆಮೇಲೆ ಹಾಕಿ, ಮೊದ್ಲು ನಿಮ್ಮ ಕತ್ತು ತೋರ್ಸಿ” ಎನ್ನುತ್ತಿದ್ದ ಟಿಡ್ರಿಕ್. “ಸುಮ್ನೆ ಒಳಗೆ ನಡಿಯೋ” ಎಂದು ಗದರುತ್ತಲೇ ಶೆರಿಫ್ ಕಾಲರ್ ಸಡಿಲಿಸುತ್ತಿದ್ದ. ಕೊನೆಗೆ ಅವನಂಥವರಿಗೂ ಪರವಾನಗಿ ಕೊಡುವ ಕಾನೂನು ಬಂತು, ಜೊತೆಗೆ ಲಿಖಿತ ಪರೀಕ್ಷೆಯೂ ಬಂತು. ಕಣ್ಣು ಮುಚ್ಚಿ ಬೆರಳಲ್ಲಿ ಗುರುತಿಸುತ್ತಿದ್ದ ಮೂಳೆಗಳಲ್ಲಿ ಅರ್ಧದಷ್ಟರ ಹೆಸರನ್ನೂ ಟಿಡ್ರಿಕ್‌ಗೆ ಬರೆಯಲಾಗಲಿಲ್ಲ. ಉತ್ತರಪತ್ರಿಕೆ ತಿದ್ದಿದವಳು ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ನಾನು. ಅಂಕ ಸರಿಯಾಗಿಯೇ ಹಾಕಿದೆ. ಇಂದು ತಿದ್ದಿದರೂ ಅಷ್ಟೇ ಹಾಕುತ್ತೇನೆ. ಅವನು ನಪಾಸಾದ ಫಲಿತಾಂಶ ಬಂದ ಬೆಳಿಗ್ಗೆ ಅವನ ಮನೆಯ ಮುಂದೆ ಹಾದುಹೋದೆ. ಈ ಸಲ ಶೆರಿಫ್ ಬಂದಿರಲಿಲ್ಲ. ಟಿಡ್ರಿಕ್ ತಾನೇ ಏಣಿ ಹತ್ತಿ ಫಲಕದ ಮೊಳೆ ಕೀಳುತ್ತಿದ್ದ. ನನ್ನನ್ನು ಕಂಡು, “ಮೇಡಂ, ನಿಮ್ಮ ಎಡಭುಜ ಇಳಿದಿದೆ. ಲೈಸೆನ್ಸ್ ಇರೋರಿಗೆ ತೋರ್ಸಿ” ಎಂದ. ಆ ಭುಜವನ್ನು ನಾನು ಯಾರಿಗೂ ತೋರಿಸಲಿಲ್ಲ.