ಹಾಲು ಕೂರುವ ತನಕ: ಮರಗೆಣಸಿನ ಪ್ರಿಯಂವದಾ

ಮರಗೆಣಸಿನ ಪಿಷ್ಟದ ಉದ್ಯಮವೆಂದರೆ ಹೆಚ್ಚಿನವರ ಕಣ್ಣಮುಂದೆ ದೊಡ್ಡ ಕಾರ್ಖಾನೆಯೇ ಬರುತ್ತದೆ. ಒಂದು ಅಂಗಳ, ಒಂದು ಬಾವಿ, ನಾಲ್ವರ ದುಡಿಮೆ ಸಾಕೆಂದು ನಂಬಿ, ಅದನ್ನು ಮಾಡಿ ತೋರಿಸಿದವರು ಶ್ರೀಮತಿ ಪ್ರಿಯಂವದಾ. ಗರುಡಾಚಾರ್‌ಪಾಳ್ಯದ ಕಿರು ಉದ್ಯಮ ತರಬೇತಿ ಕೇಂದ್ರದಲ್ಲಿ ವಿದೇಶಗಳಿಂದ ಬಂದು ಅವರಿಂದ ಕಲಿತವರು ಇಂದು ಘಾನಾ, ಟಾಂಜಾನಿಯಾಗಳ ಹಳ್ಳಿಗಳಲ್ಲಿ ಇಂಥ ಘಟಕ ನಡೆಸುತ್ತಿದ್ದಾರೆ.

ಗೆಣಸನ್ನು ಸುಲಿದು, ತುರಿದು, ನೀರಿನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸುತ್ತಾರೆ. ಆ ಹಾಲನ್ನು ತೊಟ್ಟಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಪಿಷ್ಟ ತಳದಲ್ಲಿ ಕೂರುತ್ತದೆ. ಬೆಳಗ್ಗೆ ನೀರು ಬಸಿದು, ಕೂತ ಪಿಷ್ಟದ ಗಟ್ಟಿಯನ್ನು ಕೊಯ್ದು ಒಣಗಿಸುವುದು. ಹಾಲು ಕೂರುವ ತನಕ ತೊಟ್ಟಿಯ ಬಳಿ ಯಾರೂ ಸುಳಿಯಕೂಡದೆಂಬುದು ಅವರ ಕಟ್ಟಪ್ಪಣೆ.

ಮೊದಲ ಸಲ ಅವರು ತೊಟ್ಟಿಗೆ ಕಬ್ಬಿಣದ ತಗಡು ಹೊದಿಸಿದ್ದರು. ಗೆಣಸಿನ ರಸಕ್ಕೂ ಕಬ್ಬಿಣಕ್ಕೂ ಆಗಿಬರದು, ಪಿಷ್ಟ ನೀಲಿಗಟ್ಟಿತು. ಅದನ್ನು ಕೊಂಡಿದ್ದ ಶಿವಾಜಿನಗರದಲ್ಲಿ ಹಪ್ಪಳ ಮಾರುವ ಫಹ್ಮಿದಾ ಚೀಲ ಹೊತ್ತು ಬಂದು, "ಏನ್ ಮೇಡಂ, ಹಪ್ಪಳ ಮಾಡ್ಲಾ, ಪಂಚೆಗೆ ನೀಲಿ ಹಾಕ್ಲಾ?" ಎಂದರು. ಪ್ರಿಯಂವದಾ ಎಲ್ಲವನ್ನೂ ವಾಪಸು ಪಡೆದು, ತೊಟ್ಟಿಗೆ ಬಿಳಿ ಟೈಲ್ಸ್ ಹಾಕಿಸಿದರು. ನೀಲಿಯಾದ ಪಿಷ್ಟದ ಒಂದು ಗಟ್ಟಿಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡು, ಬಂದ ಪ್ರತಿ ತಂಡಕ್ಕೂ ತೋರಿಸಿದರು.

ಮುಂದೆ ಫಹ್ಮಿದಾ ಕೆ.ಆರ್. ಪುರದ ತಮ್ಮ ಮನೆಯ ಅಂಗಳದಲ್ಲೇ ಘಟಕ ಹಾಕಿದಾಗ, ಶನಿವಾರಗಳಂದು ಕಾಕ್ಸ್‌ಟೌನಿನ ತಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಿ ಜೊತೆಗೆ ನಿಂತವರು ಇವರೇ. ಈಗ ಆ ಅಂಗಳದ ಜಾಗದಲ್ಲಿ ಫ್ಲ್ಯಾಟುಗಳಿವೆ. ಕೇಂದ್ರದಲ್ಲೂ ಗೆಣಸಿನ ತರಬೇತಿ ನಿಂತು, ತೊಟ್ಟಿಯಲ್ಲಿ ಮುರಿದ ಕುರ್ಚಿಗಳು ತುಂಬಿದವು. ಹಸಿ ಪಿಷ್ಟದ ಆ ಹುಳಿವಾಸನೆಗಾಗಿ ಪ್ರಿಯಂವದಾ ಹಂಬಲಿಸಿದರು. ನಿವೃತ್ತಿಗೆ ಮುನ್ನ ಒಮ್ಮೆ, ಒಂದೇ ಒಮ್ಮೆ, ಹಾಲು ಕೂತದ್ದನ್ನು ನೋಡಬೇಕು ಎಂದರು. ಅನುಮತಿ ಸಿಕ್ಕಿತು, ನಿವೃತ್ತಿಯ ವಾರ ಕಳೆದ ಮೇಲೆ ತೊಟ್ಟಿ ಒಡೆಯುವುದೆಂದೂ ತೀರ್ಮಾನವಾಯಿತು.

ಹಿಂದಿನ ದಿನವೇ ಬರಬೇಕಿದ್ದ ಗೆಣಸಿನ ಲಾರಿ ಬಂದದ್ದು ನಿವೃತ್ತಿಯ ದಿನ. ಕಿತ್ತ ಗೆಣಸು ಕಾಯುವುದಿಲ್ಲ, ಕೆಡುತ್ತದೆ. ಸನ್ಮಾನಕ್ಕೆಂದು ಉಟ್ಟ ರೇಷ್ಮೆ ಸೀರೆಯ ಸೆರಗು ಬಿಗಿದು ಅವರು ತುರಿಯಲು ನಿಂತರು. ಸುದ್ದಿ ತಿಳಿದ ಫಹ್ಮಿದಾ ಹೊಸಕೋಟೆಯ ಮಗಳ ಮನೆಯಿಂದ ಓಡಿ ಬಂದು ಸೋಸಿದರು. ಸಂಜೆ ಹಾರ ಹಿಡಿದು ಕರೆಯಲು ಬಂದ ಸಹೋದ್ಯೋಗಿ ಜಯಂತ್, "ಹಾಲು ಕೂರೋದು ಬೆಳಗ್ಗೆ. ಬೆಳಗ್ಗೆ ನೀವು ಇರಲ್ವಲ್ಲ ಮೇಡಂ?" ಎಂದರು. ಪ್ರಿಯಂವದಾ ಕೈ ತೊಳೆದು ವೇದಿಕೆಗೆ ನಡೆದರು.

ಮರುದಿನ ಪ್ರಿಯಂವದಾ ಹೊರಗಿನವರಂತೆ ಗೇಟಿನಲ್ಲಿ ಕಾದು ಒಳಬಂದಾಗ, ತೊಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಫಹ್ಮಿದಾ.

"ಬಸೀಲಿಲ್ವಾ ಆಪಾ?" ಎಂದರು ಪ್ರಿಯಂವದಾ.

"ನೀವು ಬರ್ದೆ ನಾನ್ ಹೆಂಗ್ ಬಸೀಲಿ?"

ನೀರು ಇಳಿಯಿತು. ತಳದಲ್ಲಿ ಪಿಷ್ಟ ಅಚ್ಚ ಬಿಳಿಯಾಗಿ ಕೂತಿತ್ತು. ಪ್ರಿಯಂವದಾ ಒಂದು ಗಟ್ಟಿ ಕೊಯ್ದು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡರು; ಅದನ್ನಿಡಲು ಅಲ್ಲಿ ಅವರದೊಂದು ಮೇಜು ಉಳಿದಿರಲಿಲ್ಲ.

"ಮಗಳ ಮನೆ ಹಿಂದೆ ಜಾಗ ಐತೆ ಮೇಡಂ," ಎಂದರು ಫಹ್ಮಿದಾ. "ನೀರೂ ಐತೆ. ಕಬ್ಬಿಣ ಮಾತ್ರ ತರ್ಬೇಡಿ."

ಆ ಹಿತ್ತಿಲಲ್ಲಿ ಹೊಸ ತೊಟ್ಟಿ ಏಳಲಿ. ಅದರ ಮುಂದೆ ಪ್ರಿಯಂವದಾ ಅವರಿಗೆ ಇಂಥ ಬೆಳಗುಗಳು ಬಹುಕಾಲ ಒದಗಲಿ. ಗಟ್ಟಿ ಕೊಯ್ಯುವ ಕೈಗೆ ಕಸುವು ಕುಂದದಿರಲಿ.