ನಾನು ಕಾರ್ಬುರೇಟರ್ ತಿರುಗಿಸಿದ್ದು

ಮದುವೆಯಾಗಿ ಕರುಮತ್ತಂಪಟ್ಟಿಗೆ ಬಂದಾಗ ನನಗೆ ಸೀರೆಗಳಿಗಿಂತ ಎಂಜಿನ್ನುಗಳ ವಿಷಯ ಹೆಚ್ಚು ಗೊತ್ತಿತ್ತು. ಕೊಯಮತ್ತೂರಿನಲ್ಲಿ ಅಪ್ಪನಿಗೆ ಬಾವಿ ಪಂಪುಗಳ ಎಂಜಿನ್ ರಿಪೇರಿ ಮಾಡುವ ಶೆಡ್ ಇತ್ತು; ನಾನು ಅಲ್ಲೇ ಬೆಳೆದವಳು. ಗಂಡನ ಮನೆಯವರು ತಮಿಳು ನೆಲದಲ್ಲಿ ಕನ್ನಡ ಆಡುವ ನೇಯ್ಗೆಯವರು. ಬಟ್ಟೆಯನ್ನು ಧಾರಾಪುರದ ಅಂಗಡಿಗಳಿಗೆ ಒಯ್ಯಲು ಒಂದು ಹಳೆಯ ಕಾರಿತ್ತು. ಗಂಡನ ಕಣ್ಣು ಮಂಜಾದ ಮೇಲೆ ಅದನ್ನು ಓಡಿಸುವವಳು ನಾನೇ ಆದೆ. ಗಂಡನ ಅಣ್ಣ, ಅಂದರೆ ನನ್ನ ಭಾವನವರಿಗೆ, ಇದು ಹಿಡಿಸಲಿಲ್ಲ.

ಹತ್ತಿ ಗಿರಣಿಗಳ ದಾರಿಯಲ್ಲಿ ಓಡಾಡಿ ಗಾಳಿ ಒಳಗೆಳೆಯುವ ಜಾಲರಿಯಲ್ಲಿ ಧೂಳು ಕಟ್ಟಿ, ಎಂಜಿನ್ ಏದುಸಿರು ಬಿಡುತ್ತಿತ್ತು. ತವರಿನಿಂದ ದೊಡ್ಡದೊಂದು ಏರ್ ಕ್ಲೀನರ್ ತಂದು ನಾನೇ ಕೂರಿಸಿದೆ. ಗಾಳಿ ಧಾರಾಳವಾಗಿ ಹೋಯಿತು. ಅದಕ್ಕೆ ತಕ್ಕ ಪೆಟ್ರೋಲ್ ಹೋಗಲಿಲ್ಲ. ಆಕ್ಸಿಲರೇಟರ್ ತುಳಿದರೆ ಪಟ್ಟೆಂದು ಸಿಡಿದು ನಿಂತುಬಿಡುತ್ತಿತ್ತು. ಅದೂ ನಮ್ಮ ಬೀದಿಯ ನಡುವೆ, ಎಲ್ಲರೂ ನೋಡುತ್ತಿರುವಾಗ.

ಭಾವನವರು ಜಗಲಿಯಿಂದಲೇ ಕೂಗಿದರು: "ಒಳ್ಳೆ ಗಾಡೀನ ಕೆಡಿಸ್ಬುಟ್ಟೆಯಲ್ಲಮ್ಮಾ! ಹೆಂಗಸಿಗೆ ಈ ವೇಲೆ ಕೆಲ್ಸ ಎಲ್ಲಾ ಎದಕ್ಕೆ? ಕೊಯಮತ್ತೂರು ಉಕ್ಕಡದಿಂದ ಮೆಕ್ಯಾನಿಕ್ ಬರ್ಲಿ, ಹಳೇದನ್ನೇ ಹಾಕ್ಲಿ."

"ಕೆಟ್ಟಿಲ್ಲ ಭಾವಾ, ಟ್ಯೂನ್ ಮಾಡ್ಬೇಕು ಅಷ್ಟೆ. ನಾನೇ ಮಾಡ್ತೀನಿ. ಯಾರೂ ಬರೋದು ಬೇಡ."

ಅವರಿಗೆ ಎದುರಾಡಿದ ಹೆಂಗಸು ಆ ಮನೆಯಲ್ಲಿ ಅದುವರೆಗೆ ಇರಲಿಲ್ಲ. ಗಂಡ ಸ್ಪ್ಯಾನರ್ ಪೆಟ್ಟಿಗೆಯನ್ನು ತಂದು ನನ್ನ ಕಾಲ ಬಳಿ ಇಟ್ಟರು. ಕೂಡಲೇ ಭಾವನವರು ಅವರನ್ನು ಒಳಗೆ ಕರೆದುಕೊಂಡರು.

ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು; ಪೆಟ್ರೋಲ್ ಸಾಲುತ್ತಿಲ್ಲ ಎಂಬುದರ ಗುರುತು ಅದು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಅಡಿಯ ನಟ್ಟನ್ನು ಒಂಚೂರು ಒಂಚೂರೇ ತಿರುಗಿಸಿ ಪೆಟ್ರೋಲನ್ನು ಹೆಚ್ಚಿಸಬೇಕು. ಆಗೆಲ್ಲ ಯಾರಾದರೂ ಒಳಗೆ ಕೂತು ಪೆಡಲ್ ತುಳಿಯಬೇಕು. ಯಾರಿದ್ದಾರೆ?

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದವರೇ ಡ್ರೈವರ್ ಸೀಟಿನಲ್ಲಿ ಕೂತರು. "ಎಲ್ಲಿ ತುಳೀಬೇಕು, ತೋರ್ಸು. ಮಗ್ಗ ತುಳಿದ ಕಾಲಿದು."

"ಅವ್ವಾ, ನೀನೂವಾ?" ಬಾಗಿಲಿಗೆ ಬಂದ ಭಾವನವರ ದನಿ ಒಡೆಯಿತು.

"ನೀ ಶುಮ್ಮನಿರು."

ಅವರು ಬರಿಗಾಲಲ್ಲಿ ತುಳಿದರು, ನಾನು ಬಗ್ಗಿ ಸದ್ದು ಕೇಳಿದೆ. ಸಿಡಿಯುವುದು ನಿಂತಿತು. ಇನ್ನಷ್ಟು ತಿರುಗಿಸಿದ್ದಕ್ಕೆ ಕರಿ ಹೊಗೆ ಬಂತು. ಹೆಚ್ಚಾಯಿತೆಂದು ಸ್ವಲ್ಪ ಹಿಂದಕ್ಕೆ ತಂದೆ. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು ಮತ್ತೆ ಪ್ಲಗ್ ಬಿಚ್ಚಿದರೆ ತುದಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಹಾಗೇ ಇರಬೇಕು.

ಮರುದಿನ ಬಟ್ಟೆ ಹೇರಿಕೊಂಡು ಹೊರಟಾಗ ಭಾವನವರೂ ಹಿಂದೆ ಕೂತರು. "ನಡುದಾರೀಲಿ ನಿಂತ್ರೆ ತಳ್ಳೋಕೆ ಆಳು ಬೇಕಲ್ಲ," ಎಂದರು. ಮೊದಲ ಏರು ಬಂದಾಗ ಪೆಡಲನ್ನು ಪೂರ್ತಿ ಒತ್ತಿದೆ. ಅಷ್ಟು ಭಾರ ಹೊತ್ತ ಗಾಡಿ ತಡವರಿಸದೆ ಹತ್ತಿತು.

ಧಾರಾಪುರದ ಅಂಗಡಿಯವರು ಗಾಡಿಯ ಸುತ್ತ ನೋಡಿ ಡ್ರೈವರ್ ಎಲ್ಲಿ ಎಂದು ತಮಿಳಿನಲ್ಲಿ ಭಾವನವರನ್ನು ಕೇಳಿದರು: "ಡ್ರೈವರ್ ಎಂಗೇ?"

ಭಾವನವರು ನೆಲ ನೋಡಿದರು.

"ನಾನ್ ದಾನ್," ನಾನೇ ಎಂದೆ, ಬೀದಿಗೆಲ್ಲ ಕೇಳುವಂತೆ. ಎಂಜಿನ್ ಆರಿಸಲಿಲ್ಲ. ಬಟ್ಟೆ ಇಳಿಸುವವರೆಗೂ ಓಡುತ್ತಲೇ ಇರಲಿ, ಅದರ ಸದ್ದನ್ನು ಎಲ್ಲರೂ ಕೇಳಲಿ ಎಂದು ಬಿಟ್ಟೆ.