ನಸೀಮಾ ಮೇಡಂ ಫೋನು ಕಿತ್ತುಕೊಂಡಾಗ

ಹೋದ ಗುರುವಾರ ಚಿಕ್ಕಬಳ್ಳಾಪುರದಲ್ಲಿ ಒಬ್ಬ ಹೆಂಗಸು ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಅದೂ ನಾನು ಮಾತಾಡುತ್ತಿದ್ದಾಗ. ಅದೂ ರಾಜ್ಯದ ಎಷ್ಟೋ ಊರಿನ ಮೇಷ್ಟ್ರುಗಳು ಟೀವಿ ಮುಂದೆ ಕೂತು ನನ್ನ ಮಾತನ್ನೇ ಕೇಳುತ್ತಿದ್ದಾಗ!

ಕೋಪ ಬಂತಾ? ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅರ್ಧ ನಿಮಿಷ ಬಂತು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಇರಿ, ಮೊದಲಿನಿಂದ ಹೇಳುತ್ತೇನೆ.

ನಮ್ಮಂಥ ಪ್ರೈಮರಿ ಶಾಲೆ ಟೀಚರುಗಳಿಗೆ ಈಗ ಟೀವಿಯಲ್ಲಿ ಟ್ರೈನಿಂಗ್. ನಗಬೇಡಿ, ನಿಜ. ಟೌನಿನ ಒಂದು ಹಾಲ್ ಮೇಲೆ ದೊಡ್ಡ ಬೋಗುಣಿಯಂಥ ಡಿಶ್ ಆಂಟೆನಾ ಕೂರಿಸಿದ್ದಾರೆ. ಒಳಗೆ ಒಂದು ಕಲರ್ ಟೀವಿ, ಪಕ್ಕದಲ್ಲಿ ಒಂದು ಟೆಲಿಫೋನು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತ ತಜ್ಞರು ಪಾಠ ಮಾಡುತ್ತಾರೆ, ಆಕಾಶದ ಉಪಗ್ರಹ ಅದನ್ನು ಒಂದೇ ಹೊತ್ತಿಗೆ ಎಲ್ಲ ಊರುಗಳಿಗೂ ಕಳಿಸುತ್ತದೆ. ಅವರು ನಮಗೆ ಕಾಣುತ್ತಾರೆ, ನಾವು ಅವರಿಗೆ ಕಾಣುವುದಿಲ್ಲ. ಆದರೆ ಫೋನು ಮಾಡಿದರೆ ನಮ್ಮ ದನಿ ಸ್ಟುಡಿಯೋಗೂ ಕೇಳುತ್ತದೆ, ಅಲ್ಲಿಂದ ಎಲ್ಲ ಊರಿನ ಟೀವಿಗಳಲ್ಲೂ ಕೇಳುತ್ತದೆ. ಸಾದಲಿಯ ಟೀಚರು ಕೇಳಿದ ಪ್ರಶ್ನೆಗೆ ಬೀದರಿನ ಮೇಷ್ಟ್ರು ಉತ್ತರ ಹೇಳಬಹುದು. ಮೊದಲ ದಿನ ಇದನ್ನು ನೋಡಿ ನಾನು ಚಿಕ್ಕ ಮಗುವಿನ ಹಾಗೆ ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಪ್ರತಿ ಹಾಲ್‌ಗೂ ಒಬ್ಬರು ಲೀಡರ್ ಟೀಚರ್ ಬೇಕು. ಟೀವಿಯೊಳಗಿನವರು "ಈಗ ಚರ್ಚೆ ಮಾಡಿ" ಎಂದಾಗ ಗುಂಪು ಮಾಡಿ ಕೂರಿಸುವುದು, ಎಲ್ಲರನ್ನೂ ಮಾತಾಡಿಸುವುದು, ಕೊನೆಗೆ ಗುಂಪಿನ ಒಬ್ಬರ ಕೈಗೆ ಫೋನು ಕೊಡುವುದು ಅವರ ಕೆಲಸ. ಅದಕ್ಕೆ ನನ್ನನ್ನು ಆರಿಸಿದರು. ಯಾಕೆ? ಬಾಯಿದೆ ಅಂತ. (ಈ ಅಂಕಣ ಓದುವವರಿಗೆ ಬೇರೆ ಸಾಕ್ಷಿ ಬೇಕಿಲ್ಲ.) ಬೆಂಗಳೂರಿಗೆ ಕರೆಸಿ ಎರಡು ದಿನ ಬೇರೆಯಾಗಿ ಕಲಿಸಿದರು ಕೂಡ. ಅಲ್ಲಿ ಕೊಟ್ಟ ಹಾಳೆಯ ಮೊದಲ ಸಾಲೇ "ಲೀಡರ್ ಕಡಿಮೆ ಮಾತಾಡಬೇಕು". ಅದರ ಕೆಳಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದೆ. ಗೆರೆ ಎಳೆಯುವುದಕ್ಕೇನು ಕಷ್ಟ?

ತರಬೇತಿ ಶುರುವಾಯಿತು. ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ ಕಡೆಯಿಂದ ಮೂವತ್ತು ಜನ. ಟೀವಿಯಲ್ಲಿ ಪ್ರಶ್ನೆ ಬಂತು. ನಾನು ಕೇಳಿದೆ, "ಹೇಳಿ, ಯಾರು ಹೇಳ್ತೀರ?" ಯಾರೂ ಹೇಳಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ. ನಾನೇ ಉತ್ತರ ಹೇಳಿಬಿಟ್ಟೆ. ಮುಂದಿನ ಪ್ರಶ್ನೆಗೂ ಅದೇ ಆಯಿತು. ಅದರ ಮುಂದಿನದಕ್ಕೂ.

ಎರಡನೇ ದಿನ ತಿಂಡಿಯ ಹೊತ್ತಿಗೆ ಮಂಚೇನಹಳ್ಳಿಯ ಅಶ್ವತ್ಥರೆಡ್ಡಿ ಮೇಷ್ಟ್ರು ಎಲ್ಲರೆದುರೇ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು. "ಏಮಿ ಮೇಡಂ, ಎಲ್ಲಾ ನೀವೇ ಹೇಳ್ಬಿಡ್ತೀರ. ನಾವೇನ್ ಮಾಡಣ? ಉಪ್ಪಿಟ್ಟು ತಿನ್ಕೊಂಡ್ ಮನೆಗ್ ಹೋಗಣ್ವಾ?"

ಹಾಲ್ ತುಂಬ ನಗು. ನಾನೂ ನಕ್ಕೆ. ಆದರೆ ತಟ್ಟೆಯ ಉಪ್ಪಿಟ್ಟನ್ನು ಹಾಗೇ ಬಿಟ್ಟೆ.

ಮೂರನೇ ದಿನವೇ ಆ ಗುರುವಾರ. ಅವತ್ತಿನ ಪ್ರಶ್ನೆ: ತರಗತಿಯಲ್ಲಿ ಬಾಯೇ ಬಿಡದ ಮಗುವನ್ನು ಮಾತಾಡಿಸುವುದು ಹೇಗೆ? ಪ್ರಶ್ನೆ ಕೇಳಿಸಿಕೊಂಡು ಮೂವತ್ತು ಜನವೂ ಬಾಯೇ ಬಿಡದೆ ಕೂತರು!

ಈ ಸಲ ನಾನೂ ಬಾಯಿ ಬಿಡಲಿಲ್ಲ. ಐದೈದು ಜನರ ಗುಂಪು ಮಾಡಿದೆ, ಕುರ್ಚಿಗಳನ್ನು ತಿರುಗಿಸಿ ಎದುರುಬದುರು ಕೂರಿಸಿದೆ, ಗೋಡೆಗೆ ಒರಗಿ ನಿಂತೆ. ಒಂದು ನಿಮಿಷ, ಎರಡು ನಿಮಿಷ... ಎಷ್ಟು ಉದ್ದ ಗೊತ್ತಾ ಎರಡು ನಿಮಿಷ? ಆಗ ಮೂಲೆಯ ಗುಂಪಿನಿಂದ ಪಿಸುಮಾತು ಕೇಳಿಸಿತು. ರೆಡ್ಡಿ ಮೇಷ್ಟ್ರು ಮುಂದಕ್ಕೆ ಬಾಗಿ ಕೇಳುತ್ತಿದ್ದಾರೆ. ಹೇಳುತ್ತಿರುವವರು ನಸೀಮಾ ಮೇಡಂ.

ನಸೀಮಾ ಮೇಡಂ ಶಿಡ್ಲಘಟ್ಟದ ಉರ್ದು ಶಾಲೆಯವರು. ಅವರ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ರೇಷ್ಮೆ ನೂಲು ತೆಗೆಯುವವರ ಮನೆಯವರು. ಎರಡು ದಿನ ಕೊನೆಯ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡವರು, ಅಷ್ಟೇ. ಇಷ್ಟು ವರ್ಷಗಳ ಸರ್ವಿಸ್‌ನಲ್ಲಿ ಯಾವ ತರಬೇತಿಯಲ್ಲೂ ಎದ್ದು ನಿಂತು ಮಾತಾಡಿದವರಲ್ಲವಂತೆ.

ನಾನು ಹತ್ತಿರ ಹೋಗುವಷ್ಟರಲ್ಲಿ ರೆಡ್ಡಿ ಮೇಷ್ಟ್ರು, "ಮೇಡಂ, ಇವ್ರು ಹೇಳಿದ್ದು ಕೇಳಿ. ಭಲೇ ಐಡಿಯಾ!" ಎಂದರು. ನಸೀಮಾ ಮೇಡಂ ನಾಚಿಕೊಂಡು ನಾಲ್ಕು ಮಾತಲ್ಲಿ ಹೇಳಿದರು. ನಾನು ಅರ್ಧ ಕೇಳಿಸಿಕೊಂಡೆ. (ಬಾಯಿದ್ದವರ ಕಿವಿಯ ಕಥೆ ಇಷ್ಟೇ.)

"ಫೋನಲ್ಲಿ ನೀವೇ ಹೇಳಿ ಮೇಡಂ," ಎಂದೆ.

"ಅಯ್ಯೋ ಬೇಡಮ್ಮ! ನನ್ ಕನ್ನಡ ಅಷ್ಟಕ್ಕಷ್ಟೇ. ಎಲ್ಲಾ ಊರಿನವ್ರೂ ಕೇಳ್ತಾರೆ, ನಗ್ತಾರೆ. ನೀವು ಹೇಳ್ಬಿಡಿ."

ಅಷ್ಟರಲ್ಲಿ ಲೈನ್ ಸಿಕ್ಕಿತು. ಟೀವಿಯಲ್ಲಿ ತಜ್ಞರು "ಚಿಕ್ಕಬಳ್ಳಾಪುರದವರು ಹೇಳಿ" ಎಂದರು. ನಾನು ರಿಸೀವರ್ ಹಿಡಿದು ಶುರು ಮಾಡಿದೆ. "ಸರ್, ನಮ್ಮ ಗುಂಪಿನ ಸಲಹೆ ಏನೆಂದರೆ, ಮಕ್ಕಳನ್ನು ಜೋಡಿಯಾಗಿ ಕೂರಿಸುವುದು. ಜಾಣ ಮಗು ಪಕ್ಕದ ದಡ್ಡ ಮಗುವಿಗೆ ಹೇಳಿಕೊಟ್ಟು..."

"ಅಲ್ಲ ಅಲ್ಲ! ಹಂಗಲ್ಲ ಮೇಡಂ, ಕೊಡಿ ಇಲ್ಲಿ!"

ರಿಸೀವರ್ ನನ್ನ ಕೈಯಲ್ಲಿರಲಿಲ್ಲ.

"ನಮಸ್ಕಾರ ಸರ್. ನಾನು ನಸೀಮಾ, ಶಿಡ್ಲಘಟ್ಟ. ದಡ್ಡ ಮಗು ಅಂತ ಯಾರೂ ಇಲ್ಲ ಸರ್. ಹೆದರ್ಕೊಂಡಿರೋ ಮಗು ಇರುತ್ತೆ. ನಾನು ಇಬ್ಬಿಬ್ರನ್ನ ಕೂರ್ಸಿ ಮಾತಾಡ್ಕೊಳ್ಳಿ ಅಂತೀನಿ. ಆಮೇಲೆ ಎದ್ದು ನಿಂತು ತನ್ನ ಉತ್ತರ ಹೇಳಂಗಿಲ್ಲ. ಪಕ್ಕದ ಮಗು ಏನ್ ಹೇಳ್ತೋ ಅದನ್ನ ಹೇಳ್ಬೇಕು. ತಪ್ಪಾದ್ರೂ ಅದು ತನ್ನದಲ್ಲ ಅಲ್ವಾ? ಹೆದರಿಕೆ ಹೋಗ್ಬಿಡುತ್ತೆ."

ನಮ್ಮ ಹಾಲಿನ ಟೀವಿಯಲ್ಲೇ ಅವರ ದನಿ ಒಂದು ಕ್ಷಣ ತಡವಾಗಿ ಕೇಳಿಬರುತ್ತಿತ್ತು. ಅವರಿಗೂ ಅದು ಕೇಳಿಸಿತು. "ಯಾ ಅಲ್ಲಾ, ನಂದೇ ವಾಯ್ಸು!" ಎಂದರು. ಹಾಗೆಂದದ್ದೂ ಟೀವಿಯಲ್ಲಿ ಬಂತು.

ಆಗ ಕರೆಂಟ್ ಹೋಯಿತು.

ಟೀವಿ ಕಪ್ಪಾಯಿತು, ಫ್ಯಾನು ನಿಂತಿತು. ಫೋನಿಗೆ ಮಾತ್ರ ಜೀವವಿತ್ತು. ನಸೀಮಾ ಮೇಡಂ ನಮ್ಮ ಕಡೆ ನೋಡಿದರು. ಆ ಕಡೆ ಯಾರಾದರೂ ಕೇಳುತ್ತಿದ್ದಾರೋ ಇಲ್ಲವೋ, ಯಾರಿಗೆ ಗೊತ್ತು? ರೆಡ್ಡಿ ಮೇಷ್ಟ್ರು "ಕಾನೀ ಮೇಡಂ, ನಿಲ್ಲಿಸ್ಬೇಡಿ" ಎಂದು ಕೈಸನ್ನೆ ಮಾಡಿದರು.

ಅವರು ನಿಲ್ಲಿಸಲಿಲ್ಲ. "ಒಬ್ಳು ಹುಡುಗಿ ಇದ್ಲು ಸರ್. ಒಂದ್ ವರ್ಷ ಸ್ಕೂಲಲ್ಲಿ ಒಂದ್ ಮಾತಾಡ್ಲಿಲ್ಲ. ಹಾಜರಿ ಕೂಗಿದ್ರೂ ಕೈ ಎತ್ತೋಳು ಅಷ್ಟೇ. ಮೂಗಿ ಅಂತಿದ್ರು ಎಲ್ರೂ. ಹಿಂಗೆ ಜೋಡಿಯಾಗಿ ಕೂರ್ಸಿದ್ ದಿನ ಅವಳ ಮೊದಲನೇ ಮಾತು ಏನ್ ಗೊತ್ತಾ? 'ಸುಮಯ್ಯಾ ಹೇಳ್ತಾಳೆ' ಅಂತ. ಅವತ್ತು ಮನೇಗ್ ಹೋಗಿ ನಾನು ಅತ್ಬಿಟ್ಟೆ ಸರ್. ಈಗ ಅವಳ ಬಾಯಿ ಮುಚ್ಸೋದೇ ಕಷ್ಟ!"

ನಸೀಮಾ ಮೇಡಂ ಸುಮ್ಮನೆ ಆ ಕಡೆಯ ಮಾತು ಕೇಳಿಸಿಕೊಂಡರು. ಆಮೇಲೆ ರಿಸೀವರಿಗೆ ಕೈ ಅಡ್ಡ ಹಿಡಿದು, ಗಾಬರಿಯ ಕಣ್ಣಿಂದ ನಮ್ಮ ಕಡೆ ತಿರುಗಿದರು.

"ಏನಂತೆ?" ಎಂದೆ.

"ಇನ್ನೊಂದ್ ಸಲ ಹೇಳಿ ಅಂತಾರೆ ಮೇಡಂ. ಎಲ್ಲಾ ಊರಿನವ್ರೂ ಬರ್ಕೋತಾರಂತೆ!"

ಮೂವತ್ತು ಜನ ಒಟ್ಟಿಗೆ ಚಪ್ಪಾಳೆ ಹೊಡೆದೆವು. ರೆಡ್ಡಿ ಮೇಷ್ಟ್ರು ಶಿಳ್ಳೆಯನ್ನೂ ಹಾಕಿದರು. (ಮೇಷ್ಟ್ರುಗಳಿಗೆ ಶಿಳ್ಳೆ ಬರುವುದಿಲ್ಲ ಎಂದುಕೊಂಡಿದ್ದಿರಾ?)

ಹತ್ತು ನಿಮಿಷ ಬಿಟ್ಟು ಕರೆಂಟ್ ಬಂತು. ಪರದೆಯ ಮೇಲೆ ತಜ್ಞರು ಬೋರ್ಡಿನ ಮುಂದೆ ನಿಂತಿದ್ದರು. ಅದರಲ್ಲಿ ಇಬ್ಬರು ಮಕ್ಕಳ ಚಿತ್ರ, ಒಬ್ಬರಿಂದ ಇನ್ನೊಬ್ಬರಿಗೆ ಬಾಣದ ಗುರುತು. ಮೇಲೆ ದೊಡ್ಡ ಅಕ್ಷರದಲ್ಲಿ "ನಸಿಮಾ ಮೇಡಂ ವಿಧಾನ" ಅಂತ ಬರೆದಿತ್ತು. ಹಾಲ್‌ನಲ್ಲಿ ಕೂಗೋ ಕೂಗು. ನಸೀಮಾ ಮೇಡಂ ಮಾತ್ರ ಕನ್ನಡಕ ಸರಿಮಾಡಿಕೊಂಡು ಬೋರ್ಡನ್ನೇ ನೋಡುತ್ತಿದ್ದರು.

"'ಸಿ'ಗೆ ದೀರ್ಘ ಬಿಟ್ಟಿದಾರೆ," ಎಂದರು.

ಕನ್ನಡ ಅಷ್ಟಕ್ಕಷ್ಟೇ ಅಂದವರು!

ನಾನು ಹೋಗಿ ಕೈ ಹಿಡಿದುಕೊಂಡೆ. "ನೀವು ಹೇಳಿದ್ದನ್ನ ತಪ್ಪಾಗಿ ಹೇಳ್ಬಿಟ್ಟೆ, ಕ್ಷಮಿಸಿ ಮೇಡಂ," ಎಂದೆ. ಅವರು ನಕ್ಕರು. "ತಪ್ಪು ಹೇಳಿದ್ದೇ ಒಳ್ಳೇದಾಯ್ತಮ್ಮ. ಸರಿಯಾಗಿ ಹೇಳಿದ್ದಿದ್ರೆ ನಾನ್ ಏಳ್ತಾನೇ ಇರ್ಲಿಲ್ಲ."

ಸೋಮವಾರ ಸಾದಲಿಯ ನನ್ನ ನಾಲ್ಕನೇ ಕ್ಲಾಸಿನಲ್ಲಿ ಇಬ್ಬಿಬ್ಬರನ್ನು ಕೂರಿಸಿ ಕೇಳಿದೆ, "ಕೆರೆಯಲ್ಲಿ ನೀರು ಯಾಕೆ ಬೇಗ ಕಮ್ಮಿಯಾಗುತ್ತೆ?" ಮುನಿರತ್ನ ಎದ್ದಳು. ಏನಾದರೂ ಕೇಳಿದರೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುವ ಹುಡುಗಿ.

"ಟೀಚರ್, ಗಂಗಮ್ಮ ಹೇಳ್ತಾಳೆ, ಬಿಸಿಲಿಗೆ ಆವಿಯಾಗೋಗುತ್ತೆ ಅಂತ." ನಿಂತಳು. ಪುಸ್ತಕ ಕೆಳಗಿಳಿಸಿದಳು. "ಆದ್ರೆ ಟೀಚರ್, ನಂಗೆ ಹಂಗನ್ಸಲ್ಲ. ನಮ್ಮೂರ್ ಕೆರೇಲಿ ಹೂಳು ತುಂಬ್ಕೊಂಡೈತೆ. ನೀರು ನಿಲ್ಲಕ್ಕೆ ಜಾಗಾನೇ ಇಲ್ಲ."

ಗಂಗಮ್ಮ ಬಿಡುತ್ತಾಳೆಯೇ? ಎರಡೇ ನಿಮಿಷದಲ್ಲಿ ಇಡೀ ಕ್ಲಾಸು ಎರಡು ಪಕ್ಷ! ನಾನು ಸೀಮೆಸುಣ್ಣ ಹಿಡಿದುಕೊಂಡು ತುಟಿ ಕಚ್ಚಿ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ, ದೇವರಾಣೆಗೂ. ಹೆಡ್‌ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. "ಏನ್ರೋ ಗಲಾಟೆ, ಟೀಚರ್ ಇಲ್ವಾ?"

"ಇದೀನಿ ಸಾರ್," ಎಂದೆ. ಅಷ್ಟು ಖುಷಿಯಿಂದ ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಆಕಾಶದಲ್ಲಿ ಉಪಗ್ರಹ ಬಂದಿದೆ, ಮುಂದೆ ಇನ್ನೂ ಏನೇನು ಬರುತ್ತದೋ. ಯಂತ್ರ ಯಾವುದೇ ಇರಲಿ, ಅದನ್ನು ಹಿಡಿದುಕೊಂಡವರು ಪಕ್ಕದವರ ಕೈಗೆ ಕೊಟ್ಟರೆ ತಾನೇ ಅದು ಮಾತಾಡುವುದು? ನನಗೆ ಕೊಡಲು ಬರುತ್ತಿರಲಿಲ್ಲ, ನಸೀಮಾ ಮೇಡಂ ಕಿತ್ತುಕೊಂಡು ಕಲಿಸಿದರು.

ಈಗ ನಿಮ್ಮನ್ನೊಂದು ಕೇಳಲಾ? ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಒಬ್ಬರು ಯಾವಾಗಲೂ ಸುಮ್ಮನಿರುತ್ತಾರಲ್ಲ, ಅವರಿಗೆ ಹೇಳುವುದೇನೂ ಇಲ್ಲ ಎಂದು ನಿಮಗೆ ಹೇಳಿದವರು ಯಾರು?